ಪ್ರದಕ್ಷಿಣೆಯ ವಾಸ್ತು: ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯವೂ ರೋಮನರ ಗುಡಿಯೂ

2023ನೆಯ ಸೆಪ್ಟೆಂಬರಿನಲ್ಲಿ ರಿಯಾದ್ ನಗರದಲ್ಲಿ ನೆರೆದ ವಿಶ್ವಪರಂಪರೆಯ ಸಮಿತಿಯು ಒಂದೇ ಅಧಿವೇಶನದಲ್ಲಿ ಎರಡು ಬಗೆಯ ದೇವಾಲಯಗಳನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಒಂದು, ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು. ಇನ್ನೊಂದು, ಫ್ರಾನ್ಸಿನ ನೀಮ್ ನಗರದಲ್ಲಿರುವ 'ಮೇಜೋಂ ಕಾರೆ' ಎಂಬ ರೋಮನ್ ಗುಡಿ. ಇವೆರಡೂ ಒಟ್ಟಿಗೆ ಬಂದುದು ಆಕಸ್ಮಿಕವೇ ಸರಿ. ಆದರೂ ಎರಡನ್ನೂ ಎದುರುಬದುರು ಇಟ್ಟು ನೋಡಿದಲ್ಲಿ, ಆ ಪಟ್ಟಿಗೆ ಸೇರದ ಹೊಯ್ಸಳ ದೇವಾಲಯಗಳನ್ನು, ಅದರಲ್ಲೂ ನಮ್ಮ ಜಿಲ್ಲೆಯ ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯವನ್ನು, ನಾವು ಇದುವರೆಗೆ ಓದಿಕೊಂಡು ಬಂದಿರುವ ರೀತಿಯಲ್ಲಿ ಒಂದು ಕೊರತೆಯುಂಟೆಂಬುದು ಗೋಚರವಾಗುತ್ತದೆ. ಪ್ರಕೃತ ಲೇಖನದ ವಿಷಯ ಆ ಕೊರತೆಯೇ.

ಶಿವಮೊಗ್ಗ ನಗರದಲ್ಲಿ ಶಿವಪ್ಪನಾಯಕನ ಅರಮನೆಯೆಂದು ಹೆಸರಾದ ಕಟ್ಟಡದಲ್ಲಿ ಸರಕಾರಿ ವಸ್ತುಸಂಗ್ರಹಾಲಯವಿದೆ. ಸುತ್ತಣ ಊರುಗಳಿಂದ ತಂದ ವಿಗ್ರಹಗಳೂ ಶಾಸನಗಳೂ ಅಲ್ಲಿವೆ. ಅವು ಅಲ್ಲಿ ಉಳಿದುಕೊಂಡುದು ಉಪಕಾರವೇ. ಆದರೆ ಗೋಡೆಯಿಂದ ಬೇರ್ಪಟ್ಟ ವಿಗ್ರಹವನ್ನು ನೋಡಿ ಅಭ್ಯಾಸವಾದ ಕಣ್ಣು, ಅಲ್ಲಿಂದ ಸುಮಾರು 20 ಕಿಲೋಮೀಟರು ದೂರದ ಭದ್ರಾವತಿಗೆ ಹೋದಾಗ, ಇನ್ನೂ ಗೋಡೆಯಲ್ಲೇ ಇರುವ ವಿಗ್ರಹವನ್ನೂ ಬಿಡಿಯಾಗಿಯೇ ನೋಡುತ್ತದೆ. ಇದು ಸಾಮಾನ್ಯ ಪ್ರೇಕ್ಷಕನ ದೋಷ ಮಾತ್ರವಲ್ಲ, ವಿದ್ವತ್ತಿನದೂ ಹೌದು. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಸೋಮನಾಥಪುರದ ಬಗ್ಗೆ 1917ರಲ್ಲಿಯೂ ಬೇಲೂರು, ದೊಡ್ಡಗದ್ದವಳ್ಳಿಗಳ ಬಗ್ಗೆ 1919ರಲ್ಲಿಯೂ ಪ್ರಕಟಿಸಿದ ಗ್ರಂಥಗಳಿಗೆ ಕನ್ನಡಿಗರು ಸದಾ ಋಣಿಗಳು. ಗೋಡೆಗೋಡೆಯಾಗಿ ಮೂರ್ತಿಗಳನ್ನು ಎಣಿಸಿ ಹೆಸರಿಸುವ ಶ್ರಮ ಅಲ್ಲಿ ಒಂದು ಅಗತ್ಯವನ್ನು ಪೂರೈಸಿತು. ಅನಂತರ ಬಂದವರು ಆ ಎಣಿಕೆಯನ್ನೇ ವಿಮರ್ಶೆಯೆಂದು ತಿಳಿದರು. ನಮ್ಮ ಪರೀಕ್ಷೆಗಳಲ್ಲಿ ಇಂದಿಗೂ 'ಹೊಯ್ಸಳ ದೇವಾಲಯದ ಲಕ್ಷಣಗಳನ್ನು ಬರೆಯಿರಿ' ಎಂಬ ಪ್ರಶ್ನೆಗೆ ಬರುವ ಉತ್ತರ ಇಂಥದೊಂದು ಯಾದಿಯೇ ಆಗಿರುತ್ತದೆ.

ಪಾಶ್ಚಾತ್ಯ ವಿಮರ್ಶಕರ ತೊಡಕು ಬೇರೆ ರೀತಿಯದು. ಜೇಮ್ಸ್ ಫರ್ಗ್ಯುಸನ್ 1876ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಚರಿತ್ರೆಯಲ್ಲಿ ಹಳೇಬೀಡನ್ನು ಅಥೆನ್ಸಿನ ಪಾರ್ಥೆನಾನಿಗೆ ಎದುರಿಟ್ಟು, ಅವೆರಡನ್ನೂ ವಾಸ್ತುಕಲೆಯ ಎರಡು ಧ್ರುವಗಳೆಂದು ಪರಿಗಣಿಸಿದನು. ಇದು ಹೀಗಳೆಯುವ ಮಾತಲ್ಲ. ಆತನಿಗೆ ಹಳೇಬೀಡಿನ ಮೇಲೆ ನಿಜವಾದ ಗೌರವವಿತ್ತು. ಪರ್ಸಿ ಬ್ರೌನನಿಗೆ ಹೊಯ್ಸಳರ ಕೆಲಸದಲ್ಲಿ ಕಲ್ಲುಕುಟಿಗನಿಗಿಂತ ಹೆಚ್ಚಾಗಿ ದಂತವನ್ನೂ ಗಂಧದ ಮರವನ್ನೂ ಕೆತ್ತುವವನ ಕೈ ಕಂಡಿತು. ಇಂಥ ಪ್ರಶಂಸೆ ಅಪಾಯಕರವಾದುದು. ಕೆತ್ತನೆ ಅದ್ಭುತ ಎನ್ನುವಾಗಲೇ ಕಟ್ಟಡ ಗೌಣ ಎಂಬ ತೀರ್ಪನ್ನು ಅದು ಸದ್ದಿಲ್ಲದೆ ಕೊಟ್ಟುಬಿಡುತ್ತದೆ.

ಹೋಲಿಕೆ ಬೇಕೆಂದಾದರೆ ಗ್ರೀಕರಿಗಿಂತ ರೋಮನರ ಗುಡಿಯೇ ನಮಗೆ ಹೆಚ್ಚು ಉಪಯುಕ್ತ. ಪಾರ್ಥೆನಾನಿನ ಕಂಬಸಾಲು ನಾಲ್ಕು ಕಡೆಗೂ ಸಮವಾಗಿ ಸುತ್ತುವರಿದಿದೆ. ರೋಮನರಾದರೋ ಗುಡಿಯನ್ನು ಎತ್ತರವಾದ ಪೀಠದ ಮೇಲೆ ನಿಲ್ಲಿಸಿ, ಮೆಟ್ಟಿಲುಗಳನ್ನು ಮುಂಭಾಗದಲ್ಲಿ ಮಾತ್ರ ಇಟ್ಟು, ಆಳವಾದ ಮುಖಮಂಟಪವನ್ನು ಕೂಡಿಸಿದರು. ಕ್ರಿಸ್ತಶಕದ ಮೊದಲ ದಶಕದಲ್ಲಿ ಅಗಸ್ಟಸನ ದತ್ತುಪುತ್ರರ ಹೆಸರಿನಲ್ಲಿ ಅರ್ಪಿತವಾದ ಮೇಜೋಂ ಕಾರೆಯಲ್ಲಿ 30 ಕಂಬಗಳಿವೆ. ಅವುಗಳಲ್ಲಿ ಬಿಡಿಯಾಗಿ ನಿಂತಿರುವುವು ಮುಂದಿನ 10 ಮಾತ್ರ. ಉಳಿದ 20 ಗೋಡೆಗೆ ಅಂಟಿಕೊಂಡ ಅರೆಗಂಬಗಳು; ಅಲ್ಲಿ ಭಾರವನ್ನು ಹೊರುವುದು ಗೋಡೆಯೇ, ಅರೆಗಂಬಗಳು ಸುತ್ತುಗಂಬಸಾಲಿನ ಚಿತ್ರ ಮಾತ್ರ. ಮೆಟ್ಟಿಲುಗಳ ವಿಷಯದಲ್ಲಿ ವಿಟ್ರೂವಿಯಸನ ವಿಧಿಯೊಂದು ನಮ್ಮವರಿಗೆ ಪರಿಚಿತವೆನಿಸೀತು: ಅವುಗಳ ಸಂಖ್ಯೆ ಬೆಸವಾಗಿರಬೇಕು; ಬಲಗಾಲಿಟ್ಟು ಹತ್ತಲಾರಂಭಿಸಿದವನು ಬಲಗಾಲಿಟ್ಟೇ ಗುಡಿಯನ್ನು ಹೊಗುವಂತಾಗಬೇಕು. ನೀಮ್‌ನಲ್ಲಿ 15 ಮೆಟ್ಟಿಲುಗಳಿವೆ. ಆದರೆ ಬಲಿಪೀಠವಿರುತ್ತಿದ್ದುದು ಗುಡಿಯ ಹೊರಗೆ, ಎದುರಿನಲ್ಲಿ. ಜನ ಅಲ್ಲಿ ನಿಂತು ಗುಡಿಯ ಮುಖವನ್ನು ನೋಡುತ್ತಿದ್ದರು. ಎಂದರೆ ರೋಮನರ ಗುಡಿ ಎದುರಿಗೆ ನಿಂತವನಿಗಾಗಿ ಕಟ್ಟಿದುದು.

ಈಗ ಭದ್ರಾವತಿಗೆ ಬರೋಣ. ಬೆಂಕೀಪುರವೆಂಬುದು ಈ ಊರಿನ ಹಳೆಯ ಹೆಸರು. 1918ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯೂ ಅನಂತರ ಬಂದ ಕಾಗದದ ಕಾರ್ಖಾನೆಯೂ ಊರಿನ ಹೆಸರನ್ನು ಎಷ್ಟು ಬಲವಾಗಿ ಹಿಡಿದುವೆಂದರೆ, 13ನೆಯ ಶತಮಾನದ ಈ ತ್ರಿಕೂಟ ಹೊರಗಿನವರಿಗೆ ನೆನಪಾಗುವುದೇ ಅಪೂರ್ವ. ಒಂದೇ ನವರಂಗಕ್ಕೆ ತೆರೆದುಕೊಂಡ ಮೂರು ಗರ್ಭಗೃಹಗಳಲ್ಲಿ ಲಕ್ಷ್ಮೀನರಸಿಂಹ, ವೇಣುಗೋಪಾಲ, ಪುರುಷೋತ್ತಮರು ಇದ್ದಾರೆ. ಹೊರಮೈ ನಕ್ಷತ್ರಾಕಾರದ್ದು. ಇಡೀ ಗುಡಿ ಜಗತಿಯ ಮೇಲೆ ನಿಂತಿದೆ. ಹಳೇಬೀಡಿನ ಶಿಲ್ಪಸಮೃದ್ಧಿ ಇಲ್ಲಿಲ್ಲ. ಇದನ್ನು ಸಾಮಾನ್ಯವಾಗಿ ಕೊರತೆಯೆಂದೇ ಬರೆಯುತ್ತಾರೆ. ನನಗಾದರೋ ಇದೇ ಅನುಕೂಲವಾಗಿ ತೋರುತ್ತದೆ. ಕಣ್ಣನ್ನು ಸೆಳೆದು ನಿಲ್ಲಿಸುವ ವಿಗ್ರಹಪಂಕ್ತಿಗಳ ಒತ್ತಡ ಕಡಮೆಯಾದಷ್ಟೂ ಕಟ್ಟಡ ತಾನೇ ಮಾತನಾಡತೊಡಗುತ್ತದೆ.

ಜಗತಿಗೂ ರೋಮನರ ಪೀಠಕ್ಕೂ ಇರುವ ಅಂತರವನ್ನು ಗಮನಿಸಬೇಕು. ನೀಮ್‌ನಲ್ಲಿ ಪೀಠದ ಅಂಚು ಗೋಡೆಯ ಅಂಚಿನೊಡನೆ ಮುಗಿಯುತ್ತದೆ. ಅದರ ಮೇಲೆ ಗುಡಿಯನ್ನು ಸುತ್ತಿಬರಲು ಎಡೆಯಿಲ್ಲ. ಹೊಯ್ಸಳರ ಜಗತಿ ಗೋಡೆಯಿಂದ ಹೊರಚಾಚಿ, ಗುಡಿಯ ಆಕಾರವನ್ನೇ ಬಹುಮಟ್ಟಿಗೆ ಅನುಸರಿಸಿ ಬಾಗುತ್ತದೆ. ಗರ್ಭಗೃಹದ ಸುತ್ತ ಒಳಗೆ ಪ್ರದಕ್ಷಿಣಾಪಥವಿಲ್ಲದ ಇಂಥ ಗುಡಿಗಳಲ್ಲಿ ಆ ಪಥ ಹೊರಗೆ ಬಂದು ಜಗತಿಯಾಗಿದೆ. ಹೀಗೆ ನೋಡಿದಾಗ ನಕ್ಷತ್ರಾಕಾರದ ಉದ್ದೇಶವೂ ತಿಳಿಯುತ್ತದೆ. ಒಂದು ಚೌಕವನ್ನು ಅದರ ಕೇಂದ್ರದ ಮೇಲೆ 22.5 ಅಂಶದಂತೆ ಮೂರು ಸಲ ತಿರುಗಿಸಿದರೆ 16 ಮೊನೆಗಳ ನಕ್ಷತ್ರ ದೊರೆಯುತ್ತದೆ. ಕಾಗದದ ಮೇಲೆ ಇದೊಂದು ರೇಖಾಗಣಿತದ ವಿನೋದ. ನೆಲದ ಮೇಲೆ ನಿಂತವನಿಗೆ ನಕ್ಷತ್ರವೆಂಬುದು ಕಾಣುವುದೇ ಇಲ್ಲ. ಒಂದು ಪಾರ್ಶ್ವ ಮಂಟಪಕ್ಕೆ ಕೂಡಿಕೊಳ್ಳುವುದರಿಂದ ಅದು ಪೂರ್ಣವಾಗುವುದೂ ಇಲ್ಲ. ನಡೆಯುವವನಿಗೆ ಮಾತ್ರ, ಹೆಜ್ಜೆ ಹೆಜ್ಜೆಗೆ ಒಂದು ಮೊನೆ ಬೆಳಕಿಗೆ ಬಂದು ಅದರ ಹಿಂದಿನದು ನೆರಳಿಗೆ ಸರಿಯುತ್ತದೆ. ಗೋಡೆ ತಾನೇ ತಿರುಗುತ್ತಿರುವಂತೆ ಭಾಸವಾಗುತ್ತದೆ. ಜಗತಿಯಿಲ್ಲದೆ ನಕ್ಷತ್ರಕ್ಕೆ ಅರ್ಥವಿಲ್ಲ. ಎದುರಿನಿಂದ ನೋಡಿ ತೀರ್ಪು ಕೊಡುವ ವಿಮರ್ಶಕನಿಗೆ ಈ ಮೊನೆಗಳು ಅಲಂಕಾರದ ಅತಿರೇಕವಾಗಿಯೇ ಉಳಿಯುತ್ತವೆ.

ಗೋಡೆಯ ವಿಷಯದಲ್ಲಿ ಮಾತ್ರ ಇಬ್ಬರೂ ಹತ್ತಿರ ಬರುತ್ತಾರೆ. ಹೊಯ್ಸಳ ಭಿತ್ತಿಯ ಅರೆಗಂಬಗಳೂ ಅವುಗಳ ಮೇಲಣ ಕಿರುಶಿಖರಗಳೂ, ನೀಮ್‌ನ ಅರೆಗಂಬಗಳಂತೆಯೇ, ಕಟ್ಟಡದ ಮೇಲೆ ಕಟ್ಟಡದ ಚಿತ್ರಗಳು. ರೋಮನನು ಇಲ್ಲದ ಕಂಬಸಾಲನ್ನು ಇದ್ದಂತೆ ತೋರಿಸಿದನು. ನಮ್ಮ ರೂವಾರಿ ದೊಡ್ಡ ಗುಡಿಯ ಮೈಮೇಲೆ ಪುಟ್ಟ ಗುಡಿಗಳನ್ನು ಕೆತ್ತಿದನು. ಮೊದಲನೆಯದನ್ನು ಜಾಣ್ಮೆಯೆಂದೂ ಎರಡನೆಯದನ್ನು ಅತಿಯೆಂದೂ ಕರೆಯುವುದಕ್ಕೆ ಆಧಾರವೇನೆಂಬುದು ನನಗೆ ತಿಳಿಯದು.

ಒಳಗಣ ಮಾಡಿನ ಬಗ್ಗೆ ಒಂದೇ ಮಾತು. ರೋಮಿನ ಪ್ಯಾಂಥಿಯಾನ್ ಸುಮಾರು 43 ಮೀಟರು ವ್ಯಾಸದ ಕಾಂಕ್ರೀಟು ಗುಮ್ಮಟವನ್ನು ಹೊತ್ತಿದೆ. ನಡುವಣ ಕಂಡಿಯಿಂದ ಬೆಳಕು ಸುರಿಯುತ್ತದೆ. ಹೊಯ್ಸಳರ ಭುವನೇಶ್ವರಿ ಕಮಾನಿನ ಗುಮ್ಮಟವಲ್ಲ. ಸಾಲಿನ ಮೇಲೆ ಸಾಲಾಗಿ ಒಳಚಾಚಿದ ಕಲ್ಲುಗಳು ಮೇಲಣ ಕಲ್ಲಿನಲ್ಲಿ ಕೂಡುತ್ತವೆ. ಅಗಲ ಕಿರಿದಾಗಲೇಬೇಕು, ಕಂಬಗಳು ಹತ್ತಿರವಾಗಲೇಬೇಕು. ಈ ನಿರ್ಬಂಧದೊಳಗೆ ಏನನ್ನು ಸಾಧಿಸಬಹುದೆಂಬುದನ್ನು ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ನೋಡಬಹುದು. 1196ರಲ್ಲಿ ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಆ ಗುಡಿ ಭದ್ರಾವತಿಯ ನೆರೆಯದೇ.

ಕೊನೆಯದಾಗಿ ಕಾಲನಿರ್ಣಯದ ರೂಢಿಯ ಬಗ್ಗೆ. ಗುಡಿಯನ್ನು ಯಾವುದಾದರೊಬ್ಬ ಅರಸನ ಖಾತೆಗೆ ಸಲ್ಲಿಸಿದರೆ ಚರಿತ್ರೆ ಮುಗಿಯಿತೆಂಬ ಭಾವನೆ ನಮ್ಮಲ್ಲಿದೆ. ಅಮೃತಾಪುರವೂ ಸೋಮನಾಥಪುರವೂ ದಂಡನಾಯಕರು ಕಟ್ಟಿಸಿದುವು. ಎರಡು ಕಡೆಯೂ ಮಲ್ಲಿತಮ್ಮನೆಂಬ ರೂವಾರಿಯ ಹೆಸರು ಕಲ್ಲಿನ ಮೇಲೆಯೇ ಉಳಿದಿದೆ. ನೀಮ್‌ನ ಗುಡಿಯಲ್ಲಿ ಕಂಚಿನ ಅಕ್ಷರಗಳು ಯಾವಾಗಲೋ ಹೋಗಿದ್ದುವು. ಅವುಗಳನ್ನು ಕೂರಿಸಲು ಕೊರೆದಿದ್ದ ತೂತುಗಳನ್ನು ಅಳೆದು 1758ರಲ್ಲಿ ಸೆಗ್ಯೆ ಎಂಬ ವಿದ್ವಾಂಸನು ಶಾಸನವನ್ನು ಓದಿದನು. ಭದ್ರಾವತಿಯ ಗುಡಿಯಲ್ಲಿ ವಿದ್ಯಾರ್ಥಿಗಳು ಮೊದಲು ಅಳೆಯಬೇಕಾದುದು ಮೂರ್ತಿಗಳನ್ನಲ್ಲ. ಜಗತಿಯ ಅಗಲ, ಮೊನೆಯಿಂದ ಮೊನೆಗಿರುವ ದೂರ, ಎರಡು ಗರ್ಭಗೃಹಗಳ ನಡುವೆ ಗೋಡೆ ಒಳಸರಿದು ನೆರಳಾಗುವ ಆ ಮೂಲೆಗಳ ಆಳ, ಇವುಗಳನ್ನು.