ಪುತಳಿ ಸರ ಮುರಿಸುವ ಮೊದಲು

ಒಡವೆಗೆ ಹಾಕಿದ ದುಡ್ಡು ದಂಡ, ಚಿನ್ನ ಕೊಳ್ಳುವುದಾದರೆ ನಾಣ್ಯ ಕೊಳ್ಳಿ. ಹೊರದೇಶದ ಟಂಕಸಾಲೆಗಳು ಸಂಗ್ರಾಹಕರಿಗೆಂದೇ ಎಣಿಸಿ ಅಚ್ಚು ಹಾಕಿದ ನಾಣ್ಯವಾದರೆ ಇನ್ನೂ ಲಾಭ. ಹೂಡಿಕೆಯ ಸಲಹೆ ಕೊಡುವವರ ಬಾಯಲ್ಲಿ ಈಗ ಇದೇ ಮಾತು. ಯಾದಗಿರಿ, ಶಹಾಪುರ, ಸುರಪುರದ ಮನೆಗಳಿಗೆ ಇದು ಹೊಂದುವ ಮಾತಲ್ಲ.

ನಮ್ಮ ಹೆಣ್ಣುಮಕ್ಕಳ ಕೊರಳಿನ ಪುತಳಿಯ ಮೂಲವೇ ಹೊರದೇಶದ ನಾಣ್ಯ. ವೆನಿಸ್ ನಗರ 1284ರಿಂದ 1797ರವರೆಗೆ ಅಚ್ಚು ಹಾಕಿದ ಡುಕಾಟ್ ಅದು: ಸುಮಾರು ಮೂರೂವರೆ ಗ್ರಾಂ, ಹೆಚ್ಚುಕಡಿಮೆ ಅಪ್ಪಟ ಚಿನ್ನ. ಐದು ಶತಮಾನ ತೂಕ ಕೆಡಲಿಲ್ಲ, ಅದಕ್ಕೇ ದಖ್ಖನ್ನಿನ ವ್ಯಾಪಾರಿ ಅದನ್ನು ನಂಬಿದ. ದಕ್ಷಿಣ ಆಫ್ರಿಕಾದ 1967ರ ಕ್ರುಗರ್‌ರಾಂಡ್, ಕೆನಡಾದ 1979ರ ಮೇಪಲ್ ಲೀಫ್ ನಾಣ್ಯಗಳು ಕೂಡ ಇದೇ ನಂಬಿಕೆಯ ಮೇಲೆ ನಿಂತವು. ಸಂಗ್ರಾಹಕರ ನಾಣ್ಯದ ಲೆಕ್ಕ ಬೇರೆ. ಅಲ್ಲಿ ಚಿನ್ನದ ದರದ ಮೇಲೆ ಅಪರೂಪಕ್ಕೂ ಹಣ ತೆರಬೇಕು. ಆ ಹಣ ಮರಳಬೇಕಾದರೆ ಇನ್ನೊಬ್ಬ ಸಂಗ್ರಾಹಕನೇ ಸಿಗಬೇಕು. ಶಹಾಪುರದ ಸರಾಫ ತೂಕ ನೋಡುತ್ತಾನೆ, ಒರೆ ಹಚ್ಚುತ್ತಾನೆ. ಸಂಗ್ರಾಹಕರ ನಾಣ್ಯ ಬರುವ ಮುಚ್ಚಿದ ಡಬ್ಬಿ ತೆರೆದು ಒರೆ ಹಚ್ಚಿದರೆ ಸಂಗ್ರಾಹಕ ಕೊಡುವ ಬೆಲೆ ಹೋಯಿತು. ತೆರೆಯದಿದ್ದರೆ ಸರಾಫ ಕೊಳ್ಳುವುದಿಲ್ಲ.

ಮಿರಗದ ಮಳೆಗೆ ತೊಗರಿ, ಹತ್ತಿಯ ಬೀಜ ತರಬೇಕು. ಆಗ ಸರದಿಂದ ನಾಲ್ಕು ಪುತಳಿ ಬಿಚ್ಚಿ ಮಾರಬಹುದು. ಉಳಿದವನ್ನು ಪಟವೇಗಾರ ಹೊಸ ದಾರಕ್ಕೆ ಪೋಣಿಸಿಕೊಡುತ್ತಾನೆ, ಸರ ಕೊರಳಲ್ಲೇ ಉಳಿಯುತ್ತದೆ. ಒಂದು ಔನ್ಸಿನ ನಾಣ್ಯದಲ್ಲಿ 31.1 ಗ್ರಾಂ ಚಿನ್ನ. ಬೇಕಾದಷ್ಟನ್ನೇ ಬಿಡಿಸಿ ಮಾರುವ ದಾರಿ ಇಲ್ಲ.

ಒಡವೆಯಲ್ಲಿ ಮಜೂರಿ, ಸವಕಳಿ ಎಂದು ಹಣ ಹೋಗುವುದು ನಿಜ. ಕೆಲವು ಅಂಗಡಿಗಳು ಅದನ್ನು ಅನ್ಯಾಯದಷ್ಟು ಹಾಕುತ್ತವೆ. ಆದರೆ ಅದು ಒಮ್ಮೆ ಕೊಟ್ಟು ತಲೆಮಾರುಗಳ ಕಾಲ ತೊಡುವ ಒಡವೆಯ ಕೂಲಿ, ಪತ್ತಾರನ ಮನೆಯ ಒಲೆ ಉರಿಸುವ ಹಣ. ನಾಣ್ಯಕ್ಕೂ ಶೇ. 3 ಜಿಎಸ್‌ಟಿ ಇದ್ದೇ ಇದೆ, ಮಾರುವಾಗ ಅದೂ ಮರಳದು.

ಅಡವಿನ ಮಾತಂತೂ ಸ್ಪಷ್ಟ. ರಿಸರ್ವ್ ಬ್ಯಾಂಕಿನ 2025ರ ನಿಯಮದಲ್ಲಿ ಸಾಲಗಾರನೊಬ್ಬ ಅಡವಿಡಬಹುದಾದ ಒಡವೆಯ ಮಿತಿ ಒಂದು ಕಿಲೋ, ನಾಣ್ಯದ್ದು ಬರೀ 50 ಗ್ರಾಂ. ಚಿನ್ನದ ಗಟ್ಟಿಗೆ ಸಾಲವೇ ಇಲ್ಲ. ಹೊಳೆಯುವ ಡಬ್ಬಿಯ ನಾಣ್ಯಕ್ಕಾಗಿ ಅವ್ವನ ಪುತಳಿ ಸರ ಮುರಿಸಲು ಹೊರಟವರು ಮೊದಲು ನಿಮ್ಮೂರಿನ ಸರಾಫನನ್ನು ಕೇಳಿ: ನಾಳೆ ಆ ನಾಣ್ಯ ತಂದರೆ ಎಷ್ಟು ಕೊಡುತ್ತೀರಿ?