ಆಟದ ಕಾದಂಬರಿಯಲ್ಲಿ ಊರೂ ವಿರೋಧವೂ

ಬಾಲಕರ ಆಟವನ್ನು ವಸ್ತುವಾಗಿ ಉಳ್ಳ ಕಾದಂಬರಿಗಳಲ್ಲಿ ಮೇಲಿಂದ ಮೇಲೆ ಕಂಡುಬರುವ ದೋಷವೊಂದುಂಟು. ಎರಡು ತಂಡಗಳು ಎದುರುಬದುರು ನಿಂತೊಡನೆ ಕಥೆಗೆ ಬೇಕಾದ ಸಂಘರ್ಷವು ಸಿದ್ಧವಾಯಿತೆಂದು ಗ್ರಂಥಕರ್ತನು ನಿಶ್ಚಿಂತನಾಗಿಬಿಡುತ್ತಾನೆ. ಊರು ಬರಿಯ ಪರದೆಯಾಗುತ್ತದೆ. ಸೋಲುಗೆಲುವಿನ ವರ್ತಮಾನವು ಮರುದಿನದ ಪತ್ರಿಕೆಯಲ್ಲಿಯೇ ದೊರೆಯತಕ್ಕದ್ದು. ಅದಕ್ಕಾಗಿ ಕಾದಂಬರಿಯೊಂದನ್ನು ಓದಬೇಕಾದ ಅಗತ್ಯವೇನು?

ಮೈಸೂರಿನ ಶ್ರೀ ಆರ್. ಕೆ. ನಾರಾಯಣರು ಇಂಗ್ಲಿಷಿನಲ್ಲಿ ಬರೆದ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಈ ದೋಷಕ್ಕೆ ಹೊರತಾದ ಕೃತಿ. ಇದನ್ನು ಕ್ರಿಕೆಟ್ಟಿನ ಕಾದಂಬರಿಯೆನ್ನಲು ಕೆಲವರು ಒಪ್ಪಲಾರರು. ತಂಡವು ಹುಟ್ಟುವುದೇ ಕಥೆಯು ಅರ್ಧಕ್ಕಿಂತ ಹೆಚ್ಚು ಸಾಗಿದ ಮೇಲೆ. ಆದರೆ ಆ ವಿಳಂಬದಲ್ಲಿಯೇ ಕೃತಿಯ ಬಲವಿರುವುದು. ಅಷ್ಟರೊಳಗೆ ಮಾಲ್ಗುಡಿಯ ಬಿಸಿಲು, ಸರಯೂ ನದಿಯ ದಡ, ಆಲ್ಬರ್ಟ್ ಮಿಷನ್ ಶಾಲೆ, ತಂದೆಯ ಗದರಿಕೆ, ಅಜ್ಜಿಯ ಮಡಿಲು ಎಲ್ಲವೂ ಓದುಗನಿಗೆ ಬಳಕೆಯಾಗಿರುತ್ತವೆ. 1930ರ ಆಗಸ್ಟ್ 15ರಂದು ಸರಯೂ ತೀರದ ಸಭೆಯಲ್ಲಿ ಸ್ವಾಮಿನಾಥನು ತನ್ನ ಟೋಪಿಯನ್ನು ಪರದೇಶದ್ದೆಂದು ಬಗೆದು ಬೆಂಕಿಗೆ ಹಾಕುತ್ತಾನೆ. ಮರುದಿನ ಶಾಲೆಯ ಕಿಟಕಿಯ ಗಾಜು ಒಡೆಯುತ್ತದೆ. ಮಿಷನ್ ಶಾಲೆ ತಪ್ಪಿ ಬೋರ್ಡ್ ಹೈಸ್ಕೂಲು ಸೇರಬೇಕಾಗುತ್ತದೆ. ಆ ಶಾಲೆಯ ಸಂಜೆಯ ಡ್ರಿಲ್ಲು ಅವನ ಚೆಂಡಿನ ಅಭ್ಯಾಸವನ್ನು ನುಂಗಿಹಾಕುತ್ತದೆ. ದೇಶದ ಚಳವಳಿಯಿಂದ ಹುಡುಗನ ಆಟದವರೆಗೆ ಎಳೆದ ಈ ಸರಪಣಿಯ ಒಂದು ಕೊಂಡಿಯೂ ಓದುವಾಗ ಸದ್ದುಮಾಡುವುದಿಲ್ಲ. (ಟೋಪಿಯನ್ನು ಸುಟ್ಟ ಹುಡುಗನಿಗೆ ಗೆಳೆಯರು ಇಡುವ ಹೆಸರು ಇಂಗ್ಲೆಂಡಿನ ಬೌಲರ್ ಟೇಟನದು, ನಾರಾಯಣರ ನಗು ಎಷ್ಟು ಮೆಲ್ಲಗಿನದೆಂಬುದನ್ನು ಇಲ್ಲಿ ಕಾಣಬಹುದು.)

ಪಂದ್ಯಕ್ಕೆ ಬರುವ ಯಂಗ್ ಮೆನ್ಸ್ ಯೂನಿಯನ್ ತಂಡವು ಹೆಸರಿಗೆ ಮಾತ್ರ ಎದುರಾಳಿ. ನಿಜವಾದ ಎಳೆದಾಟವು ನಾಯಕ ರಾಜಮನಿಗೂ ಹೆಡ್‌ಮಾಸ್ಟರಿಗೂ ನಡುವೆ. ಇಬ್ಬರೂ ಕೇಳುವುದು ಹುಡುಗನ ಅದೇ ಸಂಜೆಯನ್ನು. ರಾಜಮನು ಪೊಲೀಸ್ ಸೂಪರಿಂಟೆಂಡೆಂಟರ ಮಗ. ಮೈದಾನದಲ್ಲಿ ಅವನು ಕೊಡುವ ಆಜ್ಞೆಯಲ್ಲಿ ತಂದೆಯ ಅಧಿಕಾರದ ಛಾಯೆಯಿದೆ. ಕೊನೆಗೆ ಹೆಡ್‌ಮಾಸ್ಟರರ ಬೆತ್ತವನ್ನು ಕಿತ್ತೆಸೆದು ಸ್ವಾಮಿಯು ಓಡಿಹೋಗುತ್ತಾನೆ. ಪಂದ್ಯವು ನಡೆಯುವಾಗ ಅವನು ಮೈದಾನದಲ್ಲಿಲ್ಲ. ಓದುಗನೂ ಅವನೊಡನೆ ಹೊರಗುಳಿಯುತ್ತಾನೆ. ತಂಡದ ಸೋಲು ಸುದ್ದಿಯಾಗಿ ಬರುತ್ತದೆ. ಸ್ನೇಹದ ಸೋಲಾದರೋ ರೈಲ್ವೆ ನಿಲ್ದಾಣದಲ್ಲಿ ಕಣ್ಣೆದುರೇ ನಡೆಯುತ್ತದೆ.

ಆಕ್ಷೇಪಕ್ಕೆ ಎಡೆಯಿಲ್ಲವೆಂದಲ್ಲ. ಊರಿನಲ್ಲಿ ಬಿದ್ದ ಗಂಟನ್ನು ಕಾಡಿನಲ್ಲಿ ಬಿಡಿಸಲಾಗಿದೆ. ಗಾಡಿಯವನೂ ಅರಣ್ಯಾಧಿಕಾರಿಯೂ ಸಕಾಲಕ್ಕೆ ಒದಗಿಬರುವುದು ತೀರ ಸುಲಭವಾಯಿತು.

1986ರಲ್ಲಿ ಶಂಕರನಾಗರು ಇದನ್ನು ‘ಮಾಲ್ಗುಡಿ ಡೇಸ್’ ದೂರದರ್ಶನಮಾಲಿಕೆಗಾಗಿ ಆಗುಂಬೆಯಲ್ಲಿ ಚಿತ್ರಿಸಿದಂದಿನಿಂದ ಮಾಲ್ಗುಡಿಯೆಂದರೆ ಮಳೆನಾಡೆಂಬ ಭಾವನೆ ಬಲಿತಿದೆ. ಮಾಲಿಕೆಯು ಸೊಗಸಾದದ್ದು, ಆದರೆ ಗ್ರಂಥದ ಮಾಲ್ಗುಡಿಯಲ್ಲಿ ಬೇಸಗೆಯ ಬಿಸಿಲೂ ಧೂಳೂ ಉಂಟು. ಆ ಬಿಸಿಲು ಕೋಲಾರ ಸೀಮೆಗೇ ಹತ್ತಿರ.

ಈ ಸೀಮೆಯ ಲೇಖಕನು ಇಂತಹ ಕಥೆಗೆ ಕೈಹಾಕಿದರೆ ಸರಯೂ ನದಿಯನ್ನು ಎರವಲು ತರಬೇಕಾಗಿಲ್ಲ. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಕೆರೆಗಳುಂಟು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡವಾಡುವ ಹುಡುಗನು ಮೈದಾನದಲ್ಲಿ ಯಾವ ಭಾಷೆಯಲ್ಲಿ ಜಗಳವಾಡುತ್ತಾನೆಂಬುದೇ ಒಂದು ಅಧ್ಯಾಯಕ್ಕೆ ಸಾಲುತ್ತದೆ. ಶ್ರೀನಿವಾಸಪುರದ ಮಾವಿನ ತೋಪಿಗೆ ಕಾವಲು ಬೇಕಾಗುವುದು ಬೇಸಗೆಯ ರಜೆಯಲ್ಲಿಯೇ. ಮಾಲೂರು, ಮುಳಬಾಗಿಲು ಕಡೆಗಳಲ್ಲಿ ಬತ್ತಿದ ಕೆರೆಯಂಗಳಕ್ಕಿಂತ ವಿಶಾಲವಾದ ಮೈದಾನವು ಹುಡುಗರಿಗೆ ಎಲ್ಲಿ ದೊರೆತೀತು? 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಹರಿದುಬರತೊಡಗಿತು. ಬಾವಿಯಲ್ಲಿ ನೀರೂರಲೆಂದು ತಂದೆಯು ಬಯಸಿದ ಕೆರೆಯಲ್ಲಿಯೇ ಮಗನ ಪಿಚ್ಚು ಮುಳುಗುತ್ತದೆ. ತುಂಬಿದ ಕೆರೆಗೆ ಊರೆಲ್ಲ ಬಾಗಿನ ಕೊಡುವ ದಿನ, ತಂಡದ ನಾಯಕನು ಏರಿಯ ಮೇಲೆ ಯಾರ ಪಕ್ಕದಲ್ಲಿ ನಿಲ್ಲಬೇಕು?