ಮಾವುತನುಂಟು, ಡೆಲಿವರಿ ಹುಡುಗನಿಲ್ಲ

1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆಯ ಎರಡನೇ ಅನುಸೂಚಿಯನ್ನು ಓದುತ್ತ ಹೋದರೆ ಜೀವ ಪಣಕ್ಕಿಟ್ಟು ಮಾಡುವ ಕಸುಬುಗಳು ಸಾಲಾಗಿ ಬಂದು ನಿಲ್ಲುತ್ತವೆ. ಆನೆ ಪಳಗಿಸುವವರು, ತಾಳೆ ಮರದಿಂದ ರಸ ಇಳಿಸುವವರು, ವಿಷ ತೆಗೆಯಲು ಹಾವು ಹಿಡಿಯುವವರು, ಕಾಳ್ಗಿಚ್ಚು ಆರಿಸುವವರು, ಕೊಳವೆಬಾವಿ ರಿಪೇರಿಯವರು. ಕಾಲಕಾಲಕ್ಕೆ ಹೆಸರು ಸೇರಿಸುತ್ತ ಬೆಳೆಸಿದ ಪಟ್ಟಿಯಿದು. ತೊಡಕಿದ್ದದ್ದೂ ಅಲ್ಲೇ. ಹೆಸರು ಸೇರದ ಕಸುಬಿನವನು ಬಾಗಿಲಾಚೆಯೇ ಉಳಿಯುತ್ತಿದ್ದ.

ಹಾಗಂತ ಈ ಕಾಯ್ದೆಯನ್ನು ಹಗುರವಾಗಿ ಕಾಣುವಂತಿಲ್ಲ. ಧಣಿಯ ತಪ್ಪು ಏನೆಂದು ಸಾಬೀತುಪಡಿಸುವ ಹೊರೆಯನ್ನು ಅದು ಸತ್ತವನ ಹೆಂಡತಿಯ ತಲೆಗೆ ಹೊರಿಸಲಿಲ್ಲ. ಅಪಘಾತ ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಆಗಿದ್ದರೆ ಸಾಕು. ಅದರ 12ನೇ ಕಲಮಂತೂ ಇಂದಿಗೂ ಮೆಚ್ಚಬೇಕಾದದ್ದು: ಆಳನ್ನು ಕರೆತಂದವನು ಮೇಸ್ತ್ರಿಯೇ ಇರಬಹುದು, ಆದರೆ ಕೆಲಸ ಧಣಿಯ ವ್ಯವಹಾರದ ಭಾಗವಾಗಿದ್ದರೆ, ಅವನ ಹಿಡಿತದ ಜಾಗದಲ್ಲಿ ನಡೆದಿದ್ದರೆ, ಹಣ ಕೊಡಬೇಕಾದವನು ಧಣಿಯೇ.

ಬಾಗಿಲು ಅಗಲವಾದದ್ದು ನಿಧಾನಕ್ಕೆ. ಯಾವಾಗಲೋ ಒಮ್ಮೆ ಕರೆಸಿಕೊಂಡ ಕೂಲಿ, ಅದೂ ಮಾಲೀಕನ ವ್ಯಾಪಾರಕ್ಕೆ ಸಂಬಂಧಿಸದ ಕೆಲಸ ಎಂದರೆ ಮೊದಲು ಪರಿಹಾರವಿರಲಿಲ್ಲ. ಆ ಅಡ್ಡಿ 2000ದ ತಿದ್ದುಪಡಿಯಲ್ಲಿ ಹೋಯಿತು. 2010ರಿಂದ ಕಾಯ್ದೆಯ ಹೆಸರಲ್ಲೂ ‘ಕಾರ್ಮಿಕ’ ಹೋಗಿ ‘ನೌಕರ’ ಬಂದ.

ಕೈಗಾರಿಕಾ ವಿವಾದ ಕಾಯ್ದೆಯಡಿ ಯಾರು ಕಾರ್ಮಿಕ ಎಂಬ ಇದೇ ಬಗೆಯ ಪ್ರಶ್ನೆ ಇನ್ನೂ ಮೊದಲೇ ಎದ್ದಿತ್ತು. ಸೌರಾಷ್ಟ್ರದ ಉಪ್ಪಿನಗದ್ದೆಯ ಅಗರಿಯಾಗಳಿಗೆ ದಿನಗೂಲಿ ಇರಲಿಲ್ಲ, ಮಣದ ಲೆಕ್ಕದಲ್ಲಿ ದುಡ್ಡು. ಮನೆಮಂದಿಯೆಲ್ಲ ದುಡಿಯುತ್ತಿದ್ದರು, ಬೇಕಾದರೆ ತಾವೇ ಆಳು ಇಟ್ಟುಕೊಳ್ಳುತ್ತಿದ್ದರು. ಇವರು ಸ್ವತಂತ್ರ ಗುತ್ತಿಗೆದಾರರು ಎಂದು ಕಂಪನಿ ವಾದಿಸಿತು. 1956ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಉಪ್ಪು ತೆಗೆಯುವ ಪ್ರತಿ ಹಂತದಲ್ಲೂ ಕಂಪನಿಯ ಮೇಲ್ವಿಚಾರಣೆ ಇತ್ತು, ಆದ್ದರಿಂದ ಅವರು ಕಾರ್ಮಿಕರೇ ಎಂದಿತು.

ಈ ಅಳತೆಗೋಲನ್ನು ಬೆಂಗಳೂರಿನ ಡೆಲಿವರಿ ಹುಡುಗನಿಗೆ ಹಿಡಿದು ನೋಡಬೇಕು. ಎಲ್ಲಿಗೆ ಹೋಗಬೇಕು, ಎಷ್ಟು ಸಿಗುತ್ತದೆ ಎಂಬುದೆಲ್ಲ ಆ್ಯಪ್ ಹೇಳಿದಂತೆ. ಐಡಿ ಬ್ಲಾಕ್ ಆದರೆ ಅವತ್ತಿನ ಅನ್ನವೂ ನಿಂತಿತು. ಅಗರಿಯಾಗಳ ಮೇಲಿದ್ದ ಹಿಡಿತಕ್ಕಿಂತ ಇದು ಬಿಗಿ. ಆದರೂ 1923ರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕಾರ್ಮಿಕನನ್ನು ಸಾಂಪ್ರದಾಯಿಕ ಮಾಲೀಕ–ನೌಕರ ಸಂಬಂಧದ ಹೊರಗಿನವನು ಎಂದೇ ವ್ಯಾಖ್ಯಾನಿಸುತ್ತದೆ. ಸಂಹಿತೆಯ ದೊಡ್ಡ ಸೋಲು ಇದೇ.

ಸೋಲಿನ ಬೆಲೆಯನ್ನು ಲೆಕ್ಕ ಹಾಕಬಹುದು. 2020ರಲ್ಲಿ ಗೊತ್ತುಮಾಡಿದ 15,000 ರೂಪಾಯಿ ಸಂಬಳದ ಮಿತಿ ಹಿಡಿದರೆ, 25 ವರ್ಷದ ನೌಕರ ಕೆಲಸದಲ್ಲಿ ಸತ್ತಾಗ ಅರ್ಧ ಸಂಬಳವನ್ನು 216.91ರಿಂದ ಗುಣಿಸಬೇಕು. ಬರುವ ಮೊತ್ತ 16,26,825 ರೂಪಾಯಿ. ತಿಂಗಳೊಳಗೆ ಕೊಡದಿದ್ದರೆ ಶೇ 12ರ ಬಡ್ಡಿ ಬೇರೆ. ಅದೇ ವಯಸ್ಸಿನ ಗಿಗ್ ಕಾರ್ಮಿಕನಿಗೆ ಕರ್ನಾಟಕ ಸರ್ಕಾರ 2023ರಲ್ಲಿ ತಂದ ಯೋಜನೆಯಲ್ಲಿ 2 ಲಕ್ಷದ ಅಪಘಾತ ವಿಮೆ, 2 ಲಕ್ಷದ ಜೀವ ವಿಮೆ. ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆ ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕೇಳುತ್ತದೆ. ಒಳ್ಳೆಯ ಹೆಜ್ಜೆಯೇ. ಆದರೆ ಆ ಹಣ ಹೋಗುವುದು ಕಲ್ಯಾಣ ನಿಧಿಗೆ. ಇಂಥ ಕಂಪನಿಗೆ ದುಡಿಯುತ್ತ ನನ್ನ ಮಗ ಸತ್ತ, ಕಂಪನಿಯೇ ಪರಿಹಾರ ಕೊಡಲಿ ಎಂದು ನೌಕರನ ತಾಯಿ ಕೇಳುವ ಹಾಗೆ ಈ ಹುಡುಗನ ತಾಯಿಗೆ ಕೇಳಲು ದಾರಿಯಿಲ್ಲ.